ಕುಟುಂಬ ವೈದ್ಯ ವಿಭಾಗ: ಒಂದು ವರ್ಷದ ಲೆಕ್ಕ, ಮುಂದಿನ ಗುರಿ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ವೈದ್ಯಕೀಯ ಕಾಲೇಜಿಗೆ ಸೇರಿದ ವರ್ಷ ಇದೇ ಸಂಘ ನೀಡಿದ ವಿದ್ಯಾರ್ಥಿ ವೇತನದಿಂದ ಪುಸ್ತಕಗಳನ್ನು ಕೊಂಡಿದ್ದೆ. ಆದ್ದರಿಂದ ಇಲ್ಲಿ ನಿಂತು ನನ್ನ ಕೆಲಸದ ಲೆಕ್ಕ ಒಪ್ಪಿಸುವುದು ನನ್ನ ಕರ್ತವ್ಯವೆಂದೇ ಭಾವಿಸಿದ್ದೇನೆ. "ನಿಮ್ಮ ವಿಭಾಗ ಈ ವರ್ಷ ಏನು ಮಾಡಿತು, ಮುಂದೆ ಏನು ಮಾಡಲಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಅರ್ಥವಾಗುವಂತೆ ಹೇಳಿ" ಎಂದು ಕಾರ್ಯದರ್ಶಿಯವರು ಕೇಳಿಕೊಂಡಿದ್ದಾರೆ. ಅವರ ಮಾತಿನಂತೆಯೇ ನಡೆಯುತ್ತೇನೆ. ಆದರೆ ಬರೀ ಸಾಧನೆಯ ಪಟ್ಟಿ ಓದಿ ಹೋಗುವುದಿಲ್ಲ. ನಾವು ಎಡವಿದ ಒಂದು ಸಂಗತಿಯನ್ನೂ ಹೇಳುತ್ತೇನೆ.

ನಾನು ಕಲಿಸುವುದು ಒಂದು ವೈದ್ಯಕೀಯ ಕಾಲೇಜಿನ ಕುಟುಂಬ ವೈದ್ಯಶಾಸ್ತ್ರ ವಿಭಾಗದಲ್ಲಿ, ಅಂದರೆ ಫ್ಯಾಮಿಲಿ ಮೆಡಿಸಿನ್. ಮದುವೆ ಮನೆಯಲ್ಲಿ ಯಾರಾದರೂ ಸಿಕ್ಕಿದರೆ, "ನೀವು ಯಾವುದರ ಸ್ಪೆಷಲಿಸ್ಟ್, ಡಾಕ್ಟ್ರೇ? ಹೃದಯವೋ, ಮೂಳೆಯೋ?" ಎಂದು ಕೇಳುತ್ತಾರೆ. ಎರಡೂ ಅಲ್ಲ ಎಂದರೆ ಅವರ ಮುಖ ಸ್ವಲ್ಪ ಬಾಡುತ್ತದೆ. ಮಗುವಿನ ಜ್ವರ, ತಾಯಿಯ ರಕ್ತಹೀನತೆ, ತಂದೆಯ ಸಕ್ಕರೆ ಕಾಯಿಲೆ, ಅಜ್ಜನ ರಕ್ತದೊತ್ತಡ, ಇವೆಲ್ಲವನ್ನೂ ಒಂದೇ ಕಡೆ ನೋಡುವುದು, ದೊಡ್ಡ ಆಸ್ಪತ್ರೆಗೆ ಹೋಗಲೇಬೇಕಾದವರನ್ನು ತಡಮಾಡದೆ ಕಳಿಸುವುದು, ಅವರು ಮರಳಿ ಬಂದ ಮೇಲೆ ಮತ್ತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಇದಕ್ಕೂ ಕಾಲೇಜಿನಲ್ಲಿ ಒಂದು ವಿಭಾಗ ಬೇಕೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯ 1963ರಲ್ಲಿ ಸಾಮಾನ್ಯ ವೈದ್ಯ ವೃತ್ತಿಗಾಗಿ ಪ್ರಾಧ್ಯಾಪಕ ಪೀಠವೊಂದನ್ನು ಸ್ಥಾಪಿಸಿತು. ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. ರಿಚರ್ಡ್ ಸ್ಕಾಟ್ ಅದರ ಮೊದಲ ಪ್ರಾಧ್ಯಾಪಕರು. ಆ ಪೀಠಕ್ಕೆ ಇಟ್ಟ ಹೆಸರು ಜೇಮ್ಸ್ ಮೆಕೆಂಜಿ ಅವರದು. ಮೆಕೆಂಜಿ 1879ರಿಂದ ಇಂಗ್ಲೆಂಡಿನ ಬರ್ನ್‌ಲಿ ಎಂಬ ಗಿರಣಿಗಳ ಊರಿನಲ್ಲಿ ಸುಮಾರು ಮೂರು ದಶಕ ಸಾಮಾನ್ಯ ವೈದ್ಯರಾಗಿದ್ದರು. ಅದೇ ರೋಗಿಗಳನ್ನು ವರ್ಷಗಟ್ಟಲೆ ನೋಡುತ್ತಾ, ಅವರ ನಾಡಿಯ ಗತಿಯನ್ನು ಸರಳ ಯಂತ್ರವೊಂದರಲ್ಲಿ ದಾಖಲಿಸುತ್ತಾ ಹೋದರು. ಯಾವ ಬಗೆಯ ಏರುಪೇರು ಅಪಾಯಕಾರಿ, ಯಾವುದು ನಿರುಪದ್ರವಿ ಎಂಬುದನ್ನು ಅವರು ಕಂಡುಕೊಂಡದ್ದು ಹೀಗೆ. ಎದೆ ಒಮ್ಮೊಮ್ಮೆ ತಪ್ಪಿ ಬಡಿಯುತ್ತದೆ ಎಂಬ ಕಾರಣಕ್ಕೆ ಹಾಸಿಗೆ ಹಿಡಿಸಿದ್ದ ಎಷ್ಟೋ ಜನರಿಗೆ ಎದ್ದು ಓಡಾಡುವ ಧೈರ್ಯ ಬಂದದ್ದು ಆ ತಿಳಿವಳಿಕೆಯಿಂದ. ರೋಗಿಯನ್ನು ಒಂದೇ ದಿನ ನೋಡಿ ಕಳಿಸುವ ಕಡೆ ಇಂಥ ಜ್ಞಾನ ಹುಟ್ಟುವುದಿಲ್ಲ.

ಇನ್ನೊಂದು ಲೆಕ್ಕವನ್ನು ವಿದ್ಯಾರ್ಥಿಗಳು ನೆನಪಿಡಬೇಕು. 1961ರಲ್ಲಿ ಕೆರ್ ವೈಟ್ ಮತ್ತು ಸಂಗಡಿಗರು ಅಮೆರಿಕ, ಇಂಗ್ಲೆಂಡುಗಳ ಮಾಹಿತಿ ಸೇರಿಸಿ ಒಂದು ಅಂದಾಜು ಪ್ರಕಟಿಸಿದರು. ಒಂದು ಸಾವಿರ ವಯಸ್ಕರಲ್ಲಿ ಒಂದು ತಿಂಗಳಲ್ಲಿ 750 ಮಂದಿಗೆ ಏನಾದರೊಂದು ಕಾಯಿಲೆ ಅಥವಾ ಗಾಯ ಆಗುತ್ತದೆ. 250 ಮಂದಿ ವೈದ್ಯರ ಬಳಿ ಹೋಗುತ್ತಾರೆ. 9 ಮಂದಿ ಆಸ್ಪತ್ರೆಗೆ ದಾಖಲಾಗುತ್ತಾರೆ. ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆ ತಲಪುವವರು ಒಬ್ಬರು ಮಾತ್ರ. 2001ರಲ್ಲಿ ಅಮೆರಿಕದಲ್ಲಿ ಮತ್ತೆ ಲೆಕ್ಕ ಹಾಕಿದಾಗಲೂ ಚಿತ್ರ ಹೆಚ್ಚೇನೂ ಬದಲಾಗಿರಲಿಲ್ಲ. ನಮ್ಮ ಮಕ್ಕಳು ವೈದ್ಯವಿದ್ಯೆ ಕಲಿಯುವುದು ಹೆಚ್ಚಾಗಿ ಆ ಒಬ್ಬ ರೋಗಿಯನ್ನು ನೋಡಿ. ಪಾಸಾದ ಮೇಲೆ ಅವರ ಎದುರು ಬಂದು ಕೂರುವವರು ಉಳಿದ 249 ಮಂದಿ.

ನಮ್ಮ ದೇಶಕ್ಕೂ ಇದು ಗೊತ್ತಿಲ್ಲದ ವಿಷಯವಲ್ಲ. 2002ರ ರಾಷ್ಟ್ರೀಯ ಆರೋಗ್ಯ ನೀತಿಯೇ ಕುಟುಂಬ ವೈದ್ಯಶಾಸ್ತ್ರದಲ್ಲಿ ತರಬೇತಾದವರ ಕೊರತೆಯನ್ನು ಎತ್ತಿ ಹೇಳಿತ್ತು. 2017ರ ನೀತಿಯೂ ಈ ವಿಷಯದ ಎಂ.ಡಿ. ಶಿಕ್ಷಣಕ್ಕೆ ಒತ್ತು ಕೊಟ್ಟಿತು. ನೆರೆಯ ಕೇರಳದ ಕಲ್ಲಿಕೋಟೆಯ ಸರಕಾರಿ ವೈದ್ಯಕೀಯ ಕಾಲೇಜು ಈ ಎಂ.ಡಿ. ಆರಂಭಿಸಿದ ಮೊದಲಿಗರ ಸಾಲಿನಲ್ಲಿದೆ. ಡಿ.ಎನ್.ಬಿ. ಮೂಲಕವೂ ಮೂರು ವರ್ಷದ ತರಬೇತಿ ಪಡೆಯಬಹುದು. ಹೀಗಿದ್ದರೂ ಹೆಚ್ಚಿನ ವೈದ್ಯಕೀಯ ಕಾಲೇಜುಗಳಲ್ಲಿ ಈ ಹೆಸರಿನ ವಿಭಾಗವೇ ಇಲ್ಲ. ಹುಡುಗರು ಐದಾರು ವರ್ಷ ಓದಿಯೂ ಒಬ್ಬ ಕುಟುಂಬ ವೈದ್ಯ ಅಧ್ಯಾಪಕರನ್ನು ಕಾಣದೆ ಹೊರಗೆ ಬರುತ್ತಾರೆ. ಕಾಣದ ದಾರಿಯನ್ನು ಯಾರು ತಾನೆ ಆರಿಸಿಕೊಳ್ಳುತ್ತಾರೆ?

ಇನ್ನು ನಮ್ಮ ವಿಭಾಗದ ವಿಚಾರ. ವರ್ಷದ ಕೊನೆಗೆ ಕಚೇರಿಯಿಂದ ಒಂದು ನಮೂನೆ ಬರುತ್ತದೆ. ಹೊರರೋಗಿಗಳ ಸಂಖ್ಯೆ, ಪರೀಕ್ಷೆಯ ಫಲಿತಾಂಶ, ಪ್ರಕಟವಾದ ಪ್ರಬಂಧಗಳು, ನಡೆಸಿದ ಶಿಬಿರಗಳು. ಈ ಸಲ ಎಲ್ಲ ಅಂಕಣಗಳನ್ನೂ ತಲೆ ಎತ್ತಿ ತುಂಬಿಸಿದೆವು. ಸ್ನಾತಕೋತ್ತರ ವಿದ್ಯಾರ್ಥಿಗಳು ತೇರ್ಗಡೆಯಾಗಿದ್ದಾರೆ. ಸಂಜೆಯ ಹೊತ್ತೂ ಹೊರರೋಗಿ ವಿಭಾಗ ತೆರೆದಿದ್ದೇವೆ, ಕೂಲಿ ಕೆಲಸದವರು ಒಂದು ದಿನದ ಸಂಬಳ ಕಳಕೊಳ್ಳದೆ ಬರುವಂತಾಗಿದೆ. ಆಶಾ ಕಾರ್ಯಕರ್ತೆಯರ ಜೊತೆ ಮನೆ ಭೇಟಿ ಶುರುವಾಗಿದೆ.

ಆ ಮನೆ ಭೇಟಿಯೇ ನಮ್ಮ ಕಣ್ಣು ತೆರೆಸಿದ್ದು. ವಯಸ್ಸಾದ ಒಬ್ಬ ತಾಯಿ ಸಕ್ಕರೆ ಕಾಯಿಲೆಗೆ ನಮ್ಮಲ್ಲಿಗೆ ಬರುತ್ತಿದ್ದರು. ನಾಲ್ಕು ಸಲ ಬಂದರು. ನಾಲ್ಕು ಸಲವೂ ಸಕ್ಕರೆ ಹೆಚ್ಚೇ ಇತ್ತು. ಪ್ರತಿ ಸಲವೂ ಚೀಟಿಯಲ್ಲಿ ಇನ್ಸುಲಿನ್ ಪ್ರಮಾಣ ಏರಿತು. ಕಡೆಗೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಅವರ ಮನೆಗೆ ಹೋಗಿ, "ಎಲ್ಲಿ, ನನ್ನ ಎದುರೇ ಒಮ್ಮೆ ಚುಚ್ಚಿಕೊಳ್ಳಿ ಅಮ್ಮಾ" ಎಂದಳು. ಆಗ ಗೊತ್ತಾಯಿತು. ಕಣ್ಣಿಗೆ ಪೊರೆ ಬಂದು ಅವರಿಗೆ ಸಿರಿಂಜಿನ ಗೆರೆಗಳೇ ಕಾಣುತ್ತಿರಲಿಲ್ಲ. ಮೊದಲು ಮೊಮ್ಮಗಳು ಅಳೆದು ಕೊಡುತ್ತಿದ್ದಳು. ಅವಳು ಪಿ.ಯು.ಸಿ. ಓದಲು ಹಾಸ್ಟೆಲ್ ಸೇರಿದ ಮೇಲೆ ಇವರು ಅಂದಾಜಿನಲ್ಲಿ, ಭಯದಿಂದ, ತೀರಾ ಕಡಿಮೆ ತೆಗೆದುಕೊಳ್ಳುತ್ತಿದ್ದರು. ಮೊಮ್ಮಗಳು ರಜೆಗೆ ಬಂದು ಚೀಟಿಯಲ್ಲಿದ್ದಷ್ಟನ್ನೂ ಅಳೆದು ಕೊಟ್ಟಿದ್ದರೆ ಸಕ್ಕರೆ ದಿಢೀರನೆ ಕುಸಿದು ಜೀವಕ್ಕೇ ಕುತ್ತು ಬರಬಹುದಿತ್ತು.

"ಆಸ್ಪತ್ರೆಯಲ್ಲಿ ಯಾಕೆ ಹೇಳಲಿಲ್ಲ ಅಮ್ಮಾ?" ಎಂದು ಅವಳು ಕೇಳಿದಳಂತೆ. "ಪ್ರತಿ ಸಲ ಹೊಸ ಡಾಕ್ಟ್ರು ಮಗಳೇ. ಕಣ್ಣು ಕಾಣುವುದಿಲ್ಲ ಅಂತ ಹೊಸಬರ ಹತ್ತಿರ ಹೇಗೆ ಹೇಳಲಿ?" ಎಂದರಂತೆ.

ಈಗ ಅವರು ಇನ್ಸುಲಿನ್ ಪೆನ್ ಬಳಸುತ್ತಾರೆ. ಅದು ಒಂದೊಂದು ಯೂನಿಟ್‌ಗೂ ಟಿಕ್ ಎನ್ನುತ್ತದೆ, ಎಣಿಸಿಕೊಂಡರೆ ಸಾಕು. ಪ್ರಮಾಣವನ್ನು ಕೆಳಗಿನಿಂದ ಮತ್ತೆ ಹೊಂದಿಸಿದ್ದೇವೆ. ಪೊರೆಯ ಶಸ್ತ್ರಚಿಕಿತ್ಸೆಯೂ ಆಯಿತು. ಆದರೆ ತಪ್ಪು ಯಾರದು? ನಾಲ್ಕು ವೈದ್ಯರಲ್ಲಿ ಯಾರೂ ಸೋಮಾರಿಗಳಲ್ಲ, ದಡ್ಡರೂ ಅಲ್ಲ. ನಮ್ಮ ವ್ಯವಸ್ಥೆಯೇ ಹಾಗಿತ್ತು. ಕಲಿಯುವವರು ಎಲ್ಲ ವಿಭಾಗಗಳಲ್ಲೂ ಪಳಗಲಿ ಎಂದು ಕೆಲವು ತಿಂಗಳಿಗೊಮ್ಮೆ ಅವರನ್ನು ಬೇರೆ ಕಡೆ ಕಳಿಸುತ್ತೇವೆ. ಅವರ ಕಲಿಕೆಗೆ ಅದು ಬೇಕು. ಆದರೆ ರೋಗಿಗೆ ಪ್ರತಿ ಸಲವೂ ಹೊಸ ಮುಖ. ಕುಟುಂಬ ವೈದ್ಯರನ್ನು ತಯಾರು ಮಾಡುವ ಭರದಲ್ಲಿ ಕುಟುಂಬದ ಕೈಯನ್ನೇ ಬಿಟ್ಟಿದ್ದೆವು. ನಮೂನೆಯ ಯಾವ ಅಂಕಣದಲ್ಲೂ ಇದು ಕಾಣುವುದಿಲ್ಲ. ಅಲ್ಲಿ ಆ ತಾಯಿ ನಾಲ್ಕು ಹೊರರೋಗಿಗಳಾಗಿ ಎಣಿಕೆಯಾಗಿದ್ದಾರೆ, ನಮ್ಮ ಸಾಧನೆಗೆ ನಾಲ್ಕು ಸೇರಿದೆ!

ಈ ಕೊರತೆಯನ್ನು ಅಳೆಯಲು ಸರಳ ಲೆಕ್ಕವೊಂದಿದೆ. ಒಬ್ಬ ರೋಗಿ ವರ್ಷದಲ್ಲಿ ಹತ್ತು ಸಲ ಬಂದು, ಅದರಲ್ಲಿ ಆರು ಸಲ ಒಬ್ಬರೇ ವೈದ್ಯರನ್ನು ಕಂಡರೆ ಅವರ ಅಂಕ ಹತ್ತರಲ್ಲಿ ಆರು. ಆ ತಾಯಿಯ ಅಂಕ ನಾಲ್ಕರಲ್ಲಿ ಒಂದು. ಒಂದೇ ವೈದ್ಯರ ಬಳಿ ಹೋಗುವುದರಿಂದ ಏನು ಪ್ರಯೋಜನ ಎಂಬುದಕ್ಕೆ ನಾರ್ವೆ ದೇಶದ ಅಧ್ಯಯನವೊಂದಿದೆ. ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ ಈ ವರದಿ 2022ರಲ್ಲಿ ಬ್ರಿಟನ್ನಿನ ಸಾಮಾನ್ಯ ವೈದ್ಯರ ಪತ್ರಿಕೆಯಲ್ಲಿ ಅಚ್ಚಾಯಿತು. ವೈದ್ಯರೊಡನೆ ಒಂದೇ ವರ್ಷದ ಪರಿಚಯವಿದ್ದವರಿಗೆ ಹೋಲಿಸಿದರೆ, ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ವೈದ್ಯರನ್ನು ಹೊಂದಿದವರಲ್ಲಿ ತುರ್ತು ದಾಖಲಾತಿಯೂ ಸಾವಿನ ಸಂಭವವೂ ಶೇಕಡಾ 25ರಿಂದ 30ರಷ್ಟು ಕಡಿಮೆ ಕಂಡವು. ಇಂಥ ಅಧ್ಯಯನದಿಂದ ಕಾರಣವನ್ನು ಖಚಿತವಾಗಿ ಸಾಧಿಸಲಾಗದು, ನಿಜ. ಆದರೆ ಪರಿಚಯ ಬೆಳೆದಷ್ಟೂ ಆ ಪ್ರಯೋಜನವೂ ಬೆಳೆಯುತ್ತಾ ಹೋದುದನ್ನು ಅಲ್ಲಗಳೆಯುವಂತಿಲ್ಲ.

ಆದ್ದರಿಂದ ಬರುವ ವರ್ಷಕ್ಕೆ ನಾವು ನಾಲ್ಕು ಗುರಿ ಇಟ್ಟುಕೊಂಡಿದ್ದೇವೆ.

ಒಂದು, ನಮ್ಮಲ್ಲಿಗೆ ಬರುವ ಪ್ರತಿ ಕುಟುಂಬಕ್ಕೂ ಒಂದು ತಂಡ. ಒಬ್ಬ ಅಧ್ಯಾಪಕರು, ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳು. ವಿದ್ಯಾರ್ಥಿಗಳು ಬದಲಾದರೂ ಅಧ್ಯಾಪಕರು ಬದಲಾಗುವುದಿಲ್ಲ. ಹೋಗುವ ವಿದ್ಯಾರ್ಥಿ ಬರುವವರನ್ನು ರೋಗಿಯ ಎದುರಿಗೇ ಪರಿಚಯಿಸಿ ಹೋಗಬೇಕು.

ಎರಡು, ಹೊಸದಾಗಿ ಇನ್ಸುಲಿನ್ ಆರಂಭಿಸಿದವರ ಮತ್ತು ಆಸ್ಪತ್ರೆಯಿಂದ ಬಿಡುಗಡೆಯಾದ ವೃದ್ಧರ ಮನೆಗೆ ಒಂದು ವಾರದೊಳಗೆ ಭೇಟಿ.

ಮೂರು, ಬಾರದವರನ್ನು ಹುಡುಕುವುದು. ವೇಲ್ಸ್‌ನ ಗ್ಲಿನ್‌ಕೊರುಗ್ ಎಂಬ ಗಣಿ ಕಾರ್ಮಿಕರ ಹಳ್ಳಿಯಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್, ಚಿಕಿತ್ಸೆಯ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಅದು ಕಡಿಮೆ ದಕ್ಕುತ್ತದೆ ಎಂದು 1971ರಲ್ಲೇ ಬರೆದರು. ಬರೆದು ಸುಮ್ಮನೆ ಕೂರಲಿಲ್ಲ. ತಮ್ಮ ಹಳ್ಳಿಯವರೆಲ್ಲರ ರಕ್ತದೊತ್ತಡ ಅಳೆಯಲು ಹೊರಟರು, ಬಾರದವರ ಬೆನ್ನು ಬಿಡಲಿಲ್ಲ. ನಮ್ಮ ಪಟ್ಟಿಯಲ್ಲಿದ್ದು ಮೂರು ತಿಂಗಳಿಂದ ಕಾಣದವರಿಗೆ ನಾವೇ ಫೋನ್ ಮಾಡಲಿದ್ದೇವೆ.

ನಾಲ್ಕು, ಹತ್ತರಲ್ಲಿ ಎಷ್ಟು ಎಂಬ ಆ ಅಂಕವನ್ನು ನಮ್ಮ ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಅಚ್ಚು ಹಾಕುವುದು. ನಾಚಿಕೆಯಾಗುವಷ್ಟು ಕಡಿಮೆ ಇದ್ದರೂ ಸರಿ. ಬರೆದಿಡದ ಕೊರತೆ ತುಂಬುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನೀಟ್ ಬರೆಯುವವರಿದ್ದೀರಿ, ಕೆಲವರು ಈಗಾಗಲೇ ಎಂ.ಬಿ.ಬಿ.ಎಸ್. ಓದುತ್ತಿದ್ದೀರಿ. ರಾಷ್ಟ್ರೀಯ ವೈದ್ಯಕೀಯ ಆಯೋಗ ಈಗ ಕುಟುಂಬ ದತ್ತು ಕಾರ್ಯಕ್ರಮ ತಂದಿದೆ. ನಿಮಗೆ ವಹಿಸಿದ ಕುಟುಂಬಗಳನ್ನು ಕಲಿಯುವಷ್ಟು ಕಾಲವೂ ನೋಡಿಕೊಳ್ಳಬೇಕು. ಅದನ್ನು ಸಹಿ ಹಾಕಿಸಿಕೊಳ್ಳುವ ಪುಸ್ತಕವಾಗಿ ನೋಡಬೇಡಿ. ಆ ಮನೆಯಲ್ಲಿ ಔಷಧಿ ಎಲ್ಲಿಡುತ್ತಾರೆ, ಚೀಟಿ ಯಾರು ಓದುತ್ತಾರೆ, ಅಡುಗೆ ಯಾರದು ಎಂದು ಕೇಳಿ ತಿಳಿಯಿರಿ. ಯಾವ ಪಠ್ಯಪುಸ್ತಕದಲ್ಲೂ ಅದು ಸಿಗುವುದಿಲ್ಲ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ಮಕ್ಕಳು ಹೃದಯ ತಜ್ಞರೋ ನರರೋಗ ತಜ್ಞರೋ ಆದಾಗ ಸನ್ಮಾನ ಮಾಡುತ್ತೇವೆ. ಮಾಡಬೇಕು, ಅವರೂ ಬೇಕು. ಆದರೆ ಊರಿನಲ್ಲೇ ಉಳಿದು, ಒಂದೇ ಕುಟುಂಬದ ಮೂರು ತಲೆಮಾರು ನೋಡುತ್ತೇನೆ ಎನ್ನುವ ಹುಡುಗ ಹುಡುಗಿಯರಿಗೂ ಈ ವೇದಿಕೆಯಲ್ಲಿ ಒಂದು ಕುರ್ಚಿ ಇರಲಿ. ವಿದ್ಯಾರ್ಥಿ ವೇತನದ ಒಂದು ಪಾಲು ಈ ವಿಷಯದಲ್ಲಿ ಸ್ನಾತಕೋತ್ತರ ಓದುವವರಿಗೆ ಮೀಸಲಾಗಲಿ. "ಬರೀ ಜನರಲ್ ಡಾಕ್ಟರಾ?" ಎಂಬ ಮಾತು ನಮ್ಮ ಮನೆಗಳಲ್ಲಿ ನಿಲ್ಲಲಿ. ಓದುವ ಮಕ್ಕಳು ಆ ಮಾತನ್ನು ಕೇಳಿಸಿಕೊಳ್ಳುತ್ತಿರುತ್ತಾರೆ.

ಮುಂದಿನ ವರ್ಷ ಕರೆದರೆ ಮತ್ತೆ ಬರುತ್ತೇನೆ, ಆ ಅಂಕದ ಸಮೇತ. ಏರಿದ್ದರೆ ಹೇಗೆ ಏರಿತೆಂದು ಹೇಳುತ್ತೇನೆ, ಇಳಿದಿದ್ದರೆ ಯಾಕೆ ಇಳಿಯಿತೆಂದು ನೀವು ಕೇಳಬೇಕು. ಪುಸ್ತಕ ಕೊಡಿಸಿದವರಿಗೆ ಅಷ್ಟು ಕೇಳುವ ಹಕ್ಕಿದೆ.