ಗುಳ್ಳದ ಮೇಲಿನ ಚೀಟಿ



ನಂದಿಕೂರಿನಿಂದ ಉಡುಪಿಯತ್ತ ಹೊರಟರೆ ಕಟಪಾಡಿಯ ಪಶ್ಚಿಮಕ್ಕೆ, ಕಡಲ ಬದಿಯಲ್ಲಿ ಮಟ್ಟು ಎಂಬ ಊರಿದೆ. ಅಲ್ಲಿಯ ದುಂಡು ಬದನೆ, ಅಂದರೆ ಗುಳ್ಳ, ವಾದಿರಾಜರು ಕೊಟ್ಟ ಬೀಜದಿಂದ ಬಂದದ್ದೆಂದು ಜನರ ನಂಬಿಕೆ. ಇಷ್ಟು ಹೆಸರಿದ್ದೂ ಒಂದು ತೊಡಕು: ಪೇಟೆಯಲ್ಲಿ ಬೇರೆ ಊರಿನ ಕಾಯಿಯೂ ಮಟ್ಟುವಿನ ಹೆಸರಿನಲ್ಲೇ ಬಿಕರಿಯಾಗುತ್ತಿತ್ತು. ನಷ್ಟ ಬೆಳೆಗಾರನಿಗೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಬಿದ್ದದ್ದು ಬೆಳೆಗಾರರ ಸಂಘ ಕಾಯಿಯ ಮೇಲೆ ಅಂಟಿಸಿದ ಪುಟ್ಟ ಸ್ಟಿಕ್ಕರ್!

ನಾಳೆ ನೀವು ಹಲಸಿನ ಹಪ್ಪಳ ಮಾರಲು ಹೊರಟಿರೆನ್ನಿ. ಕೈಯಲ್ಲಿರುವುದು ಎರಡೇ ಸಾವಿರ ರೂಪಾಯಿ. ಬಣ್ಣದ ಬೋರ್ಡು ಬರೆಸೆಂದು ಗೆಳೆಯರು ಹೇಳಿಯಾರು. ನಾನಾದರೆ ಆ ಹಣವನ್ನು ಚೀಟಿಗೆ ಹಾಕುತ್ತೇನೆ. ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು, ಗರಿಷ್ಠ ಬೆಲೆ, ದೂರು ಹೇಳಲು ಫೋನ್ ಸಂಖ್ಯೆ, ಇವೆಲ್ಲ ಪೊಟ್ಟಣದ ಮೇಲಿರಬೇಕೆಂದು ಕಾನೂನೇ ಹೇಳುತ್ತದೆ. ತಿನಿಸಾದ್ದರಿಂದ ಆಹಾರ ಸುರಕ್ಷತಾ ನೋಂದಣಿಯ ಸಂಖ್ಯೆಯೂ ಬೇಕು. ಉದ್ಯಮ್ ನೋಂದಣಿಗಂತೂ ಶುಲ್ಕವೇ ಇಲ್ಲ.

ಇನ್ನು ಅಕ್ಷರ. ಒಂದೇ ಶೈಲಿ, ಎರಡೇ ಬಣ್ಣ ಸಾಕು. ಹಳದಿಯ ಮೇಲೆ ಬಿಳಿ ಬೇಡ. ಹಾಗೆ ಮಾಡಿ ನನ್ನದೇ ಕಾರ್ಯಕ್ರಮದ ಶೀರ್ಷಿಕೆ ಪರದೆಯಲ್ಲಿ ಕಾಣದೆ ಹೋದದ್ದುಂಟು. ಸಾಲುಗಳ ನಡುವೆ ನಮ್ಮ ಒತ್ತಕ್ಷರಗಳಿಗೆ ಜಾಗ ಬಿಡಿ.

ನಿವ್ವಳ ತೂಕವೆಂದರೆ ಹಪ್ಪಳದ ತೂಕ ಮಾತ್ರ. ಪ್ರಯೋಗಾಲಯದಲ್ಲಿ ಮಾಡುವಂತೆ ಮೊದಲು ಖಾಲಿ ಪೊಟ್ಟಣವನ್ನು ತೂಗಿ, ಅಷ್ಟನ್ನು ಕಳೆದು, ಆಮೇಲೆ ಚೀಟಿಯ ಮೇಲೆ ಬರೆಯಿರಿ.