ಮಗು ಯಾರ ಹತ್ತಿರ ಇರಬೇಕು ಅಂತ ಜೇಬು ತೀರ್ಮಾನ ಮಾಡಬಾರದು

ಬಂಗಾರಪ್ಪನವರ ಸೊರಬ, ಯಡಿಯೂರಪ್ಪನವರ ಶಿಕಾರಿಪುರ. ಅಕ್ಕಪಕ್ಕದ ಎರಡು ತಾಲ್ಲೂಕು, ಇಬ್ಬರು ಮುಖ್ಯಮಂತ್ರಿಗಳು. ಬಗರ್ ಹುಕುಂ ಅರ್ಜಿ ಎಲ್ಲಿ ಕೊಡಬೇಕು, ಯಾರನ್ನ ಹಿಡಿಯಬೇಕು ಅನ್ನೋದು ಅಲ್ಲಿ ಮಕ್ಕಳಿಗೂ ಗೊತ್ತು. ಆದರೆ ಗಂಡ ಬಂದು ಮಗೂನ ಎತ್ತಿಕೊಂಡು ಹೋದ, ಈಗ ನಾನು ಯಾರ ಹತ್ತಿರ ಹೋಗಲಿ? ಈ ಪ್ರಶ್ನೆಗೆ ಎಷ್ಟು ಜನಕ್ಕೆ ಉತ್ತರ ಗೊತ್ತಿದೆ?

ಆನವಟ್ಟಿ ಕಡೆಯ ಒಬ್ಬ ತಾಯಿಯನ್ನ ಕಲ್ಪಿಸಿಕೊಳ್ಳಿ. ಶುಂಠಿ ಕೀಳೋ ಕೂಲಿ ಕೆಲಸ. ಕೇಸು ಶಿವಮೊಗ್ಗದ ಕುಟುಂಬ ನ್ಯಾಯಾಲಯದಲ್ಲಿದೆ. ಬೆಳಗ್ಗೆ ಎದ್ದು ಶಿರಾಳಕೊಪ್ಪ, ಶಿಕಾರಿಪುರ ದಾಟಿ ಬಸ್ಸಲ್ಲಿ ಹೋಗಬೇಕು. ಹೋದರೆ ಆ ದಿನದ ಕೂಲಿ ಇಲ್ಲ. ಅಷ್ಟೆಲ್ಲಾ ಮಾಡಿ ಹೋದರೆ ಮುಂದಿನ ತಾರೀಖು ಕೊಟ್ಟು ಕಳಿಸ್ತಾರೆ. ಎದುರುಗಡೆ ಗಂಡನ ಪರ ಕರಿ ಕೋಟು ನಿಂತಿದೆ. ಇವಳ ಪರ ಯಾರೂ ಇಲ್ಲ.

ಇಲ್ಲೊಂದು ವಿಚಿತ್ರ ನೋಡಿ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಂ ಪ್ರಕಾರ, ಇಲ್ಲಿ ವಕೀಲರನ್ನ ಇಟ್ಟುಕೊಳ್ಳೋದು ಯಾರ ಹಕ್ಕೂ ಅಲ್ಲ. ಉದ್ದೇಶ ಒಳ್ಳೇದೇ. ಮನೆ ಜಗಳ ವಾದ-ಪ್ರತಿವಾದ ಆಗಬಾರದು, ಮಾತಾಡಿ ಬಗೆಹರಿಯಲಿ ಅಂತ. ಆದರೆ ಕೋರ್ಟು ಅನುಮತಿ ಕೊಟ್ಟರೆ ವಕೀಲರು ಬರಬಹುದು, ಬರ್ತಾರೆ ಕೂಡ. ದುಡ್ಡಿದ್ದವರಿಗೆ ಬರ್ತಾರೆ.

ನಾನು ಇಂಜಿನಿಯರಿಂಗ್ ಓದಿದವನು. ಯಂತ್ರ ಎಷ್ಟೇ ಚೆನ್ನಾಗಿರಲಿ, ಅರ್ಧ ಮಾಹಿತಿ ಕೊಟ್ಟರೆ ಅದು ತಪ್ಪು ಉತ್ತರವನ್ನೇ ಕೊಡುತ್ತೆ. ನ್ಯಾಯಾಧೀಶರೂ ಅಷ್ಟೇ. ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಅಂತ ಕಾನೂನು ಹೇಳುತ್ತೆ. ಸರಿ, ಆ ಹಿತ ಯಾವುದು ಅಂತ ಒಂದೇ ಕಡೆಯವರು ಹೇಳಿದರೆ ತೀರ್ಪು ಹೇಗೆ ಬರಬೇಕು?

ಹಾಗಂತ ಕಾನೂನು ಕೈಬಿಟ್ಟಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೇ ಕಲಂ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ ಉಚಿತ ವಕೀಲರು. ಆದಾಯ ಕೇಳೋ ಹಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ, ಅಂಗವಿಕಲರಿಗೂ ಹಾಗೇ. ಬಡ ಅಪ್ಪಂದಿರಿಗೆ ಸರ್ಕಾರ ನಿಗದಿ ಮಾಡಿದ ಆದಾಯ ಮಿತಿಯೊಳಗಿದ್ದರೆ ಸಿಗುತ್ತೆ. ಹೌದು, ಅಪ್ಪಂದಿರಿಗೂ. ಮಗೂನ ನೋಡೋಕೆ ಭಾನುವಾರ ಎರಡು ಗಂಟೆ ಸಿಕ್ಕರೆ ಸಾಕು ಅಂತ ಅಲೆಯೋ ಅಪ್ಪಂದಿರೂ ಇದ್ದಾರೆ. ಎಲ್ಲಿ ಕೇಳಬೇಕು? ನಿಮ್ಮ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ಫೋನಿದ್ದರೆ 15100ಕ್ಕೆ ಕರೆ ಮಾಡಿ.

ಕೆಲವರು ಕೇಳ್ತಾರೆ, ಗಂಡ-ಹೆಂಡತಿ ಜಗಳಕ್ಕೆ ನಮ್ಮ ತೆರಿಗೆ ದುಡ್ಡು ಯಾಕ್ರೀ ಅಂತ. ಸ್ವಾಮಿ, ಆ ದುಡ್ಡು ಜಗಳಕ್ಕಲ್ಲ, ಮಗುವಿಗೆ. ಆಸ್ತಿ ಕೇಸಲ್ಲಿ ತಪ್ಪು ತೀರ್ಪು ಬಂದರೆ ಮೇಲ್ಮನವಿಯಲ್ಲಿ ಜಮೀನು ವಾಪಸ್ ಬರಬಹುದು. ಮಗುವಿನ ಮೂರು ವರ್ಷ ವಾಪಸ್ ಬರುತ್ತಾ?

ಹಾಗಾಗಿ ಸರ್ಕಾರಕ್ಕೆ ನನ್ನ ಮಾತು ಮೂರೇ. ಉಚಿತ ವಕೀಲರಿಗೆ ಮರ್ಯಾದೆಯಾಗಿ ಬದುಕುವಷ್ಟು ಸಂಭಾವನೆ ಕೊಡಿ, ಅದನ್ನ ಸರಿಯಾದ ಸಮಯಕ್ಕೆ ಕೊಡಿ. ಬಿಟ್ಟಿ ವಕೀಲ ಅಂದರೆ ಕೆಲಸಕ್ಕೆ ಬಾರದ ವಕೀಲ ಅನ್ನೋ ಮಾತು ಹೋಗಬೇಕು. ಎರಡನೇದು, ವಕೀಲರ ಜೊತೆ ಬಸ್ ಚಾರ್ಜನ್ನೂ ಕೊಡಿ. ಮೂರನೇದು, ಬರೀ ತಾರೀಖಿಗಾಗಿ ಅವರನ್ನ ಶಿವಮೊಗ್ಗಕ್ಕೆ ಎಳೀಬೇಡಿ. ಸೊರಬದ, ಶಿಕಾರಿಪುರದ ಕೋರ್ಟಿನಿಂದಲೇ ವಿಡಿಯೊದಲ್ಲಿ ಹಾಜರಾಗೋಕೆ ವ್ಯವಸ್ಥೆ ಮಾಡಿ.

ಅಮ್ಮ ಗೆಲ್ಲಲಿ, ಅಪ್ಪ ಗೆಲ್ಲಲಿ, ಅದು ಕೋರ್ಟಿಗೆ ಬಿಟ್ಟದ್ದು. ಆದರೆ ಸೋತವರು ಮನೆಗೆ ಹೋಗುವಾಗ, "ನನ್ನ ಮಾತನ್ನೂ ಕೇಳಿದರು" ಅಂತ ಹೇಳೋ ಹಾಗಿರಬೇಕು. ನಾಳೆ ಆ ಮಗು ದೊಡ್ಡದಾಗಿ, "ನನ್ನನ್ನ ಯಾಕೆ ಬಿಟ್ಟುಕೊಟ್ಟೆ?" ಅಂತ ಕೇಳಿದರೆ, "ವಕೀಲರಿಗೆ ಕೊಡೋಕೆ ದುಡ್ಡಿರಲಿಲ್ಲ ಮಗಾ" ಅನ್ನೋ ಉತ್ತರ ಯಾವ ತಾಯಿಯ ಬಾಯಲ್ಲೂ ಬರಬಾರದು.