ಚೈನ್ ಸಾ ಇಂಜಿನ್ನಿಗೆ ಹೊಸ ಪಿಸ್ಟನ್, ಸಿಲಿಂಡರ್: ಜೋಡಿಸುವ ಮುನ್ನ ಗಮನಿಸಬೇಕಾದ ಅಂಶಗಳು
(ರೈತರ ಸಭೆಯಲ್ಲಿ ನೀಡಿದ ಭಾಷಣ)



ನಾನು ಬೇಸಾಯಶಾಸ್ತ್ರದ ಅಧ್ಯಾಪಕ. ಯಂತ್ರ ನನ್ನ ವಿಷಯವಲ್ಲ. ಆದರೂ ಈ ದಿನ ಚೈನ್ ಸಾ ಕುರಿತು ಮಾತನಾಡಲು ಕಾರಣವಿದೆ. ಮಳೆಗಾಲಕ್ಕೆ ಮುಂಚೆ ಕಾಫಿ ತೋಟದ ನೆರಳು ಮರಗಳ ಕೊಂಬೆ ಸವರುವ ಹೊತ್ತಿನಲ್ಲಿ ಯಂತ್ರ ನಿಂತರೆ ಕೆಲಸದ ಹದವೇ ತಪ್ಪುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲಿಯೇ ಹೀಗಾಯಿತು. ಸೀಜ್ ಆದ ಯಂತ್ರಕ್ಕೆ ಪೇಟೆಯಿಂದ ಬೇರೆ ತಯಾರಕರ ಅಗ್ಗದ ಪಿಸ್ಟನ್, ಸಿಲಿಂಡರ್ ತಂದು ಹಾಕಿದೆ. ಎರಡನೆಯ ದಿನವೇ ಅದೂ ಸೀಜ್ ಆಯಿತು. ಮಾಲನ್ನು ಬೈದೆ. ಬಿಚ್ಚಿ ನೋಡಿದಾಗ ತಪ್ಪು ನನ್ನದೇ ಎಂದು ತಿಳಿಯಿತು. ಕ್ರ್ಯಾಂಕಿನ ಆಯಿಲ್ ಸೀಲ್ ಗಟ್ಟಿಯಾಗಿ ಗಾಳಿ ಎಳೆಯುತ್ತಿತ್ತು. ಬೇರುಕೊಳೆಗೆ ಮದ್ದು ಮಾಡದೆ, ಅದೇ ಗುಣಿಯಲ್ಲಿ ಹೊಸ ಸಸಿ ನೆಟ್ಟಂತಾಗಿತ್ತು.

ಮೊದಲು ಕಾರಣ ಹುಡುಕಿರಿ

ಇದು ಎರಡು ಸ್ಟ್ರೋಕಿನ ಇಂಜಿನ್. ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನೊಡನೆಯೇ ಬರಬೇಕು. ಎಲ್ಲಿಂದಲಾದರೂ ಹೆಚ್ಚು ಗಾಳಿ ನುಗ್ಗಿದರೆ ಪೆಟ್ರೋಲಿನ ಪಾಲು ಇಳಿದು, ಎಣ್ಣೆಯೂ ಇಳಿದು, ಶಾಖ ಏರುತ್ತದೆ. ಇದಕ್ಕೆ ಹಳೆಯ ಪಿಸ್ಟನ್ನೇ ಸಾಕ್ಷಿ. ಹೊಗೆ ಹೋಗುವ ಕಡೆ ಮಾತ್ರ ಗೀರುಗಳಿದ್ದರೆ ಗಾಳಿ ಸೋರಿಕೆ ಅಥವಾ ಕಾರ್ಬುರೇಟರಿನಿಂದ ಇಂಧನ ಸಾಲದಿರುವುದು ಸಾಮಾನ್ಯ ಕಾರಣ. ಸುತ್ತಲೂ ಗೀರಿದ್ದರೆ ಎಣ್ಣೆ ಬೆರೆಸದ ಪೆಟ್ರೋಲಿನ ಅನುಮಾನ. ಗಾಳಿ ಒಳಬರುವ ಕಡೆ ಮಾಸಲು ಸವೆತವಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಹೋಗಿದೆಯೆಂದು ತಿಳಿಯಬೇಕು.

ಆಯಿಲ್ ಸೀಲುಗಳು, ಕಾರ್ಬುರೇಟರ್ ಹಿಂದಿನ ರಬ್ಬರು, ಪೆಟ್ರೋಲ್ ಪೈಪು, ಟ್ಯಾಂಕಿನೊಳಗಿನ ಫಿಲ್ಟರು ಇವನ್ನು ಒಂದೊಂದಾಗಿ ಪರೀಕ್ಷಿಸಿರಿ. ಕನೆಕ್ಟಿಂಗ್ ರಾಡ್ ಮೇಲೆ ಕೆಳಗೆ ಆಡುತ್ತಿದ್ದರೆ ಹೊಸ ಪಿಸ್ಟನ್ ಹಾಕುವುದು ವ್ಯರ್ಥ.

ಹೊಸ ಭಾಗದ ಪರೀಕ್ಷೆ

ಒಂದೇ ಯಂತ್ರಕ್ಕೆ ಎರಡು ಅಳತೆಯ ಬೋರ್ ಇರಬಹುದು. ಆದ್ದರಿಂದ ಹಳೆಯದನ್ನು ಅಳೆದೇ ಕೊಳ್ಳಿರಿ. ಸಿಲಿಂಡರಿನ ಒಳಗಿನ ಕಿಂಡಿಗಳ ಅಂಚು ಚೂಪಾಗಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ನಯವಾದ ಎಮರಿ ಕಾಗದದಿಂದ ಅಂಚನ್ನು ಮಾತ್ರ ಹಗುರಾಗಿ ಸವರಿ, ಪುಡಿಯನ್ನು ಪೂರ್ತಿ ತೊಳೆಯಿರಿ. ಒಳಗೋಡೆಗೆ ಎಮರಿ ತಾಗಿಸಬಾರದು. ಅಲ್ಲಿರುವುದು ತೆಳುವಾದ ಗಟ್ಟಿ ಲೇಪ.

ರಿಂಗನ್ನು ಬರಿಯ ಸಿಲಿಂಡರಿನಲ್ಲಿಟ್ಟು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಬೋರಿನ ಪ್ರತಿ 25 ಮಿ.ಮೀ.ಗೆ ಸುಮಾರು 0.1 ಮಿ.ಮೀ. ಸಂದು ಬೇಕು. ಸಂದೇ ಇಲ್ಲದಿದ್ದರೆ ಬಿಸಿಯಾದಾಗ ರಿಂಗ್ ಹಿಗ್ಗಿ ಬಿಗಿಯುತ್ತದೆ.

ಜೋಡಣೆ

1. ಸ್ಪಾರ್ಕ್ ಪ್ಲಗ್ಗನ್ನೂ ಬಾರ್ ಮತ್ತು ಚೈನನ್ನೂ ಮೊದಲೇ ಬಿಚ್ಚಿಡಿ. ಕ್ರ್ಯಾಂಕಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿರಿ.
2. ಪಿಸ್ಟನ್ ಮೇಲಿನ ಬಾಣದ ಗುರುತು ಹೊಗೆ ಹೋಗುವ ಕಡೆಗಿರಬೇಕು.
3. ಪಿಸ್ಟನ್ ಪಿನ್ನಿನ ಲಾಕುಗಳು ಹೊಸವೇ ಆಗಿರಲಿ. ಅವುಗಳ ಬಾಯಿ ನೇರ ಮೇಲಕ್ಕೆ ಅಥವಾ ಕೆಳಕ್ಕಿರಲಿ.
4. ರಿಂಗಿನ ತುದಿಗಳು ಗಾಡಿಯಲ್ಲಿರುವ ಸಣ್ಣ ಮೊಳೆಯ ಎರಡು ಬದಿಗೆ ಕೂರಬೇಕು. ಎರಡು ಸ್ಟ್ರೋಕಿನ ಎಣ್ಣೆ ಸವರಿ, ಬಟ್ಟೆ ತೆಗೆದು, ಸಿಲಿಂಡರನ್ನು ತಿರುಚದೆ ನೇರವಾಗಿ ಇಳಿಸಿರಿ.
5. ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕೈಯಿಂದ ತಿರುಗಿಸಿ, ಎಲ್ಲಿಯೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿರಿ.

ಮೊದಲ ದಿನಗಳ ಆರೈಕೆ

ಯಂತ್ರದ ಪುಸ್ತಕದಲ್ಲಿ ಹೇಳಿದ ಪ್ರಮಾಣದಲ್ಲಿಯೇ ಎಣ್ಣೆ ಬೆರೆಸಿರಿ. 50ಕ್ಕೆ 1 ಎಂದರೆ ಲೀಟರಿಗೆ 20 ಮಿ.ಲೀ. ಕಣ್ಣಳತೆ ಬೇಡ, ಅಳತೆ ಲೋಟ ಬಳಸಿರಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಅದು ನೀರನ್ನು ಹೀರುತ್ತದೆ; ಕೆಲಸವಿಲ್ಲದ ತಿಂಗಳುಗಳಲ್ಲಿ ಟ್ಯಾಂಕ್ ಬರಿದು ಮಾಡಿಡಿ. ಮೊದಲ ಕೆಲವು ಟ್ಯಾಂಕ್ ಮುಗಿಯುವವರೆಗೆ ಮರ ಕೊಯ್ಯದೆ ಬರಿದೇ ಪೂರ್ತಿ ವೇಗ ಕೊಡಬೇಡಿ.

ಬೇರೆ ತಯಾರಕರ ಭಾಗವೆಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಹೊಸದೆಂದ ಮಾತ್ರಕ್ಕೆ ಉಳಿಯುವುದೂ ಇಲ್ಲ. ಹಳೆಯ ಪಿಸ್ಟನ್ನನ್ನು ಗುಜರಿಗೆ ಎಸೆಯುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡಿರಿ. ಹೊಸದಕ್ಕೆ ಕೊಡುವ ಹಣ ಉಳಿಯುವ ದಾರಿ ಅದರ ಮೈಮೇಲೆಯೇ ಇರುತ್ತದೆ.